ಪಲ್ಟನ್ನಿನ ಚರಿತ್ರೆ ಬರೆಯಲು ಕೂತ ಮಗನಿಗೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದ.

ಕಾಲಿನ ವಿಷಯ, ಪಿಂಚಣಿ ವಿಷಯ ಬಿಡು, ನಿನ್ನಪ್ಪ ಎಲ್ಲ ಹೇಳಿದ್ದಾನೆ. ಪಲ್ಟನ್ನಿನ ಚರಿತ್ರೆ ಬರೆಯುತ್ತಿದ್ದೀಯ ಅಂತ ನಿನ್ನ ಕಾಗದದಲ್ಲಿ ಓದಿ ಹಿಗ್ಗಿದೆ. ಆದರೆ ಕೊನೆಯಲ್ಲಿ ಕೇಳಿದ್ದೀಯಲ್ಲ, ಸತ್ತವರ ತಪ್ಪು ಬರೆದರೆ ಉಂಡ ಮನೆಗೆ ಎರಡು ಬಗೆದ ಹಾಗಲ್ಲವೇ ಅಂತ, ಅದು ನಿದ್ದೆ ಕೆಡಿಸಿದೆ.

ಬ್ರಿಗೇಡಿಯರ್ ಜಾನ್ ದಳ್ವಿ ನೆನಪಾದರು. ಚೀನಾ ಯುದ್ಧದಲ್ಲಿ, 1962ರ ಅಕ್ಟೋಬರ್ 20ರ ನಸುಕಿನಲ್ಲಿ, ಈಗಿನ ಅರುಣಾಚಲದ ಗಡಿಯ ನಾಮ್ಕಾ ಚು ಹೊಳೆಯ ದಂಡೆಯಲ್ಲಿ ಅವರ 7ನೇ ಬ್ರಿಗೇಡ್ ನುಚ್ಚುನೂರಾಯಿತು. ಎರಡು ದಿನಕ್ಕೆ ಅವರೇ ಚೀನೀಯರ ಸೆರೆಯಾದರು. ಬಿಡುಗಡೆ ಮರುವರ್ಷ ಮೇ ತಿಂಗಳಲ್ಲಿ. ಸೋತು ಸೆರೆಸಿಕ್ಕವನು ಬಾಯಿ ಮುಚ್ಚಿಕೊಂಡಿರಲಿ ಅಂತಲೇ ಲೋಕ ಬಯಸುವುದು. ಅವರು 1969ರಲ್ಲಿ 'ಹಿಮಾಲಯನ್ ಬ್ಲಂಡರ್' ಪುಸ್ತಕ ತಂದರು. ಹತ್ತಿ ಬಟ್ಟೆ, ಕ್ಯಾನ್ವಾಸ್ ಬೂಟಿನಲ್ಲಿ ಜವಾನರನ್ನು ಆ ಚಳಿಗೆ ನೂಕಿದವರು ಯಾರು ಅಂತ ದೆಹಲಿಯವರೆಗೂ ಬೆರಳು ತೋರಿಸಿದರು. ರವಿ ಬೆಳಗೆರೆ ಕನ್ನಡಕ್ಕೂ ತಂದಿದ್ದಾರೆ, ಓದಿರುತ್ತೀ. ಕೋಪ ಕೊಂಚ ಜಾಸ್ತಿಯೇ ಇದೆ. ಆದರೆ ಸತ್ತವರ ಮಾನ ಎಲ್ಲಾದರೂ ಹೋಯಿತಾ?

ಅವರು ಬೆರಳು ತೋರಿಸಿದ್ದು ಮೇಲಕ್ಕೆ, ನಾನು ತೋರಿಸಬೇಕಾದ್ದು ಪಕ್ಕದ ಟ್ರೆಂಚಿನವನಿಗೆ ಅನ್ನುತ್ತೀಯೇನೋ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

1971ರ ಯುದ್ಧದಲ್ಲಿ ನಮ್ಮ ಪಲ್ಟನ್ನಿನ ವಾರ್ ಡೈರಿ, ಅಂದರೆ ಯುದ್ಧದ ದಿನಚರಿ, ಟೈಪ್ ಮಾಡುತ್ತಿದ್ದವನು ನಾನು. ಪಲ್ಟನ್ನಿನ ಕಚೇರಿ ನೋಡಿಕೊಳ್ಳುವ ಅಧಿಕಾರಿ ಅಡ್ಜುಟೆಂಟ್ ಹೇಳಿದಷ್ಟೇ ಕಾಗದಕ್ಕೆ ಬರುತ್ತಿತ್ತು: ಇಷ್ಟು ಗಂಟೆ, ಇಷ್ಟು ಸಾವು, ಪರಿಸ್ಥಿತಿ ಹತೋಟಿಯಲ್ಲಿ. ಯುದ್ಧ ಮುಗಿದ ಮೇಲೆ ಒಬ್ಬ ಸಿಪಾಯಿಯ ಅಪ್ಪ ಬಂದ. ಮೈಮೇಲೆ ರೈಲಿನ ಮಸಿ, ಜನಿವಾರದ ದಾರಕ್ಕೆ ಕಟ್ಟಿಕೊಂಡ ಮಗನ ಟ್ರಂಕಿನ ಬೀಗದ ಕೈ. 'ಎಲ್ಲಿ ಬಿದ್ದ ಸಾಹೇಬ್, ಹೇಗೆ?' ಡೈರಿಯಲ್ಲಿ ಅಂಕಿ ಇತ್ತು, ಅವನ ಮಗ ಇರಲಿಲ್ಲ. ಕತ್ತಲಲ್ಲಿ ದಾರಿ ತಪ್ಪಿ ನಮ್ಮವರೇ ಹೂತಿಟ್ಟ ನೆಲಬಾಂಬುಗಳ ಮೇಲೆ ನಡೆದಿದ್ದರು, ನನಗೆ ಗೊತ್ತಿತ್ತು. 'ವೀರನಾಗಿ ಹೋದ' ಅಂದು ಚಹಾ ಕೊಡಿಸಿ ಕಳಿಸಿದೆ. ದ್ರೋಹ ಅಂತ ನೀನು ಬರೆದದ್ದು ಓದಿದಾಗಿಂದ ಆ ಮುದುಕನೇ ಎದುರು ನಿಲ್ಲುತ್ತಿದ್ದಾನೆ.

ತೋಚಿದ್ದು ಹೇಳುತ್ತೇನೆ, ಕ್ಲರ್ಕಿನ ಮಾತು, ಬೇಡವಾದರೆ ಬಿಡು. ವಾರ್ ಡೈರಿ ಒಂದನ್ನೇ ನಂಬಬೇಡ. ದಳ್ವಿಯವರ ಜೊತೆಗೆ ಮೇಜರ್ ಜನರಲ್ ಡಿ.ಕೆ. ಪಾಲಿತ್ 1991ರಲ್ಲಿ ಬರೆದದ್ದನ್ನೂ ಇಟ್ಟುಕೊಂಡು ಓದು. 62ರಲ್ಲಿ ಅವರು ದೆಹಲಿಯಲ್ಲಿ ಸೇನಾ ಕಾರ್ಯಾಚರಣೆಯ ನಿರ್ದೇಶಕರು. ಅದೇ ಸೋಲು ಆ ಕುರ್ಚಿಯಿಂದ ಬೇರೆಯೇ ಕಾಣುತ್ತದೆ. ಮತ್ತೆ, ಯಾರ ತಪ್ಪು ಬರೆಯುತ್ತೀಯೋ ಅವರ ಮನೆಗೆ ಅಚ್ಚಿಗೆ ಮುಂಚೆ ನೀನೇ ಹೋಗಿ ಓದಿ ಹೇಳು. ಬೈದರೆ ಬೈಸಿಕೋ. ಹೆಸರು ಬೇಡ ಅಂದರೆ ಹೆಸರು ಬಿಡು, ನಡೆದದ್ದನ್ನು ಬಿಡಬೇಡ.

ಬರೆದಷ್ಟು ಕಳಿಸು. ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸು, ಪೊರೆಯ ಆಪರೇಷನ್ ಇನ್ನೂ ಆಗಿಲ್ಲ.

ಇತಿ, ದೊಡ್ಡಪ್ಪ