ಆ 225 ಬೇರೆ, ಈ 225 ಬೇರೆ

ಪ್ರೀತಿಯ ತಂಗಿಗೆ, ಅಕ್ಕನ ಆಶೀರ್ವಾದಗಳು.

ಪುಟ್ಟನ ಹತ್ತನೇ ಕ್ಲಾಸಿನ ಪಿಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿಗೆ ಮುಂಚಿನ ತಾಲೀಮು ಪರೀಕ್ಷೆ) ಅಂಕ ಬಂದಾಗಿನಿಂದ ನಿನಗೆ ನಿದ್ದೆ ಇಲ್ಲ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಇನ್ನರ್ಧಕ್ಕೆ ಗಾಬರಿಯಾಗುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ನನ್ನ ಮಗಳು 2014ರಲ್ಲಿ ತೆಗೆದ ಅಂಕ ಹಿಡಿದುಕೊಂಡು ಪುಟ್ಟನನ್ನು ಅಳೆಯಬೇಡ. ಪಿಎಸ್‌ಎಟಿ ಅಂಕದಿಂದ ಸ್ಕಾಲರ್‌ಷಿಪ್ಪಿಗೆ ಲೆಕ್ಕ ಹಾಕುವ ಅವಳ ಸೆಲೆಕ್ಷನ್ ಇಂಡೆಕ್ಸ್ 225. ನ್ಯೂಜೆರ್ಸಿಯ ಕಟಾಫ್ ಕೂಡ ಅವಳ ಬ್ಯಾಚಿಗೆ 225. ಗೀಟಿನ ಮೇಲೆ ನಿಂತು ನ್ಯಾಷನಲ್ ಮೆರಿಟ್ ಅನ್ನುವ ಸ್ಕಾಲರ್‌ಷಿಪ್ ಸ್ಪರ್ಧೆಯಲ್ಲಿ ಸೆಮಿಫೈನಲಿಸ್ಟ್ ಆದಳು. 2026ರಲ್ಲಿ ಹೈಸ್ಕೂಲ್ ಮುಗಿಸುವ ಬ್ಯಾಚಿಗೂ ನಿಮ್ಮ ರಾಜ್ಯದ ಕಟಾಫ್ 225ಕ್ಕೇ ನಿಂತಿತು. ಏನೂ ಬದಲಾಗಿಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಅವಳ ಕಾಲದಲ್ಲಿ ಗರಿಷ್ಠ 240 ಇತ್ತು. 2015ರಿಂದ ಅದು 228. ಅವಳಿಗೆ ಮೇಲಿನಿಂದ 15 ಅಂಕ ಕಳೆದುಕೊಳ್ಳಲು ಜಾಗ ಇತ್ತು. ಈಗಿನವರಿಗೆ 3. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋಗೆ ಹೋಲಿಸಿದ ಹಾಗೆ.

ಹಾಗಂತ ಈಗ ಐದು ಪಟ್ಟು ಕಷ್ಟ ಅಂತಲೂ ಅಲ್ಲ. ಆಗ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿಯುತ್ತಿದ್ದರು, ಅದನ್ನು 2015ರಲ್ಲಿ ತೆಗೆದರು. ಐದು ಆಯ್ಕೆ ಇದ್ದದ್ದು ನಾಲ್ಕಾಯಿತು. 2023ರಿಂದ ಪೂರ್ತಿ ಕಂಪ್ಯೂಟರಿನಲ್ಲೇ ಪರೀಕ್ಷೆ. ಪ್ರತಿ ವಿಷಯವೂ ಮಾಡ್ಯೂಲ್ ಅನ್ನುವ ಎರಡು ಕಂತಿನಲ್ಲಿ ಬರುತ್ತೆ. ಮೊದಲ ಮಾಡ್ಯೂಲ್ ಹೇಗೆ ಮಾಡಿದ ಅನ್ನುವುದರ ಮೇಲೆ ಎರಡನೆಯದು ಸುಲಭದ್ದೋ ಕಷ್ಟದ್ದೋ ಬರುತ್ತೆ. ಸುಲಭದ್ದು ಬಂದರೆ ಮೇಲಿನ ಅಂಕಗಳ ಆಸೆ ಬಿಡಬೇಕು. ಅದಕ್ಕೆ ಮೊದಲರ್ಧದಲ್ಲಿ ಆತುರ ಬೇಡ ಅಂತ ಪುಟ್ಟನಿಗೆ ಹೇಳು.

ಇಷ್ಟೆಲ್ಲ ಬದಲಾದರೂ ಬದಲಾಗದ್ದು ಒಂದಿದೆ: ಸೀಟಿನ ಲೆಕ್ಕ. ದೇಶದಾದ್ಯಂತ ಸುಮಾರು 16,000 ಸೆಮಿಫೈನಲಿಸ್ಟ್‌ಗಳು. ಯಾವ ರಾಜ್ಯದಲ್ಲಿ ಎಷ್ಟು ಮಕ್ಕಳು ಹೈಸ್ಕೂಲ್ ಮುಗಿಸುತ್ತಾರೋ ಅದರ ಪ್ರಮಾಣಕ್ಕೆ ಹಂಚುತ್ತಾರೆ. ಪರೀಕ್ಷೆ ಸುಲಭವಾದರೆ ಎಲ್ಲರ ಅಂಕವೂ ಏರುತ್ತೆ, ಕಟಾಫೂ ಏರುತ್ತೆ. ಪುಟ್ಟನಿಗೆ ಮುಖ್ಯ ಆಗೋದು ಅವನ ಅಂಕವಲ್ಲ, ನ್ಯೂಜೆರ್ಸಿಯ ಸಾಲಿನಲ್ಲಿ ಅವನು ಎಲ್ಲಿ ನಿಂತ ಅನ್ನೋದು. ಅಂಥ ಸಾಲು ನಿಮ್ಮಲ್ಲಿ ಸಿಕ್ಕಾಪಟ್ಟೆ ಉದ್ದ. ಬೇರೆ ಕೆಲವು ರಾಜ್ಯಗಳಲ್ಲಿ ಹತ್ತು ಅಂಕಕ್ಕೂ ಜಾಸ್ತಿ ಕಡಿಮೆ ಇದ್ದರೂ ನಡೆಯುತ್ತೆ. ಅನ್ಯಾಯ ಅನ್ನಿಸಿದರೆ ಅನ್ನಿಸಲಿ, ನಿಯಮ ಹಾಗಿದೆ.

ಈಗ ನೀನು ಗಮನವಿಟ್ಟು ನೋಡಬೇಕಾದ ಜಾಗಕ್ಕೆ ಬರುತ್ತೇನೆ. ನೀನು ಒಟ್ಟು ಅಂಕ ನೋಡುತ್ತಿದ್ದೀಯ. ನ್ಯಾಷನಲ್ ಮೆರಿಟ್‌ನವರು ಅದನ್ನು ನೋಡೋದೇ ಇಲ್ಲ. ಓದು-ಬರಹದ ಭಾಗವನ್ನು ಎರಡರಿಂದ ಗುಣಿಸಿ, ಗಣಿತದ ಅಂಕ ಸೇರಿಸಿ, ಹತ್ತರಿಂದ ಭಾಗಿಸುತ್ತಾರೆ. ಒಂದು ಕಾಗದ ತಗೊಂಡು ಮಾಡಿ ನೋಡು. ಮೂರು ಹುಡುಗರು, ಮೂವರದ್ದೂ ಒಟ್ಟು 1500. ಒಬ್ಬನಿಗೆ ಎರಡರಲ್ಲೂ 750: ಇಂಡೆಕ್ಸ್ 225. ಇನ್ನೊಬ್ಬನಿಗೆ ಓದು-ಬರಹ 760, ಗಣಿತ 740: 226. ಮೂರನೆಯವನಿಗೆ ಗಣಿತದಲ್ಲಿ ಪೂರ್ತಿ 760, ಓದು-ಬರಹದಲ್ಲಿ 740: 224. ಕಟಾಫ್ 225 ಇದ್ದ ವರ್ಷ ಗಣಿತದಲ್ಲಿ ಪೂರ್ತಿ ತೆಗೆದವನೇ ಹೊರಗೆ!

ನಮ್ಮವರ ಮನೆಗಳಲ್ಲಿ ಏನು ನಡೆಯುತ್ತೆ ಅಂತ ನಿನಗೂ ಗೊತ್ತು. ಗಣಿತಕ್ಕೆ ವಾರಕ್ಕೆ ಮೂರು ದಿನ ಕೋಚಿಂಗ್, ಇಂಗ್ಲಿಷಿಗೆ 'ಅವನು ಇಲ್ಲೇ ಹುಟ್ಟಿದವನು, ಬರುತ್ತೆ ಬಿಡು' ಅನ್ನೋದು. ನನ್ನ ಮಾತು ಕೇಳು. ಗಣಿತದ ಕ್ಲಾಸು ಒಂದು ದಿನಕ್ಕೆ ಇಳಿಸು. ಈ ಬೇಸಿಗೆ ಅವನು ಉದ್ದದ ಲೇಖನ ಓದಲಿ, ಕಾಮಾ-ಸೆಮಿಕೋಲನ್ ನಿಯಮ ಕಲಿಯಲಿ. ಪರೀಕ್ಷೆ ಬರೆಯುವ ಬ್ಲೂಬುಕ್ ಆ್ಯಪಿನಲ್ಲೇ ಪೂರ್ತಿ ಮಾದರಿ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ. ದುಡ್ಡು ಕೊಟ್ಟು ಪುಸ್ತಕದ ರಾಶಿ ತರಬೇಡ.

ರಿಪೋರ್ಟಿನಲ್ಲಿ ಎರಡು ಪರ್ಸೆಂಟೈಲ್ (ನೂರು ಮಕ್ಕಳಲ್ಲಿ ಎಷ್ಟು ಜನರಿಗಿಂತ ಮುಂದಿದ್ದಾನೆ ಅನ್ನುವ ಲೆಕ್ಕ) ಇರಬಹುದು. ಒಂದರಲ್ಲಿ ಪರೀಕ್ಷೆ ಬರೆಯದ ಮಕ್ಕಳನ್ನೂ ಲೆಕ್ಕಕ್ಕೆ ತಗೊಂಡಿರುತ್ತಾರೆ, ಹಾಗಾಗಿ ಅದು ಚೆನ್ನಾಗಿ ಕಾಣುತ್ತೆ. ಅದನ್ನು ನೋಡಿ ಹಿಗ್ಗಬೇಡ. ಬರೆದವರ ನಡುವಿನ ಲೆಕ್ಕ ನೋಡು. ಹತ್ತನೇ ಕ್ಲಾಸಿನ ಅಂಕ ಸ್ಪರ್ಧೆಗೆ ಬರೋದೂ ಇಲ್ಲ. ಹನ್ನೊಂದನೇ ಕ್ಲಾಸಿನ ಅಕ್ಟೋಬರಿನದು ಮಾತ್ರ. ಕಟಾಫ್ ಗೊತ್ತಾಗೋದು ಅದರ ಮುಂದಿನ ಸೆಪ್ಟೆಂಬರಿಗೆ. ಸುಮಾರು ಹನ್ನೊಂದು ತಿಂಗಳು ಅವನನ್ನು 'ಬರುತ್ತಾ, ಬರುತ್ತಾ' ಅಂತ ಕೆದಕಬೇಡ, ದಯವಿಟ್ಟು.

ಫ್ಲಾರಿಡಾದಲ್ಲಿರುವ ನಿನ್ನ ಮೈದುನನ ಮಗಳ ವಿಷಯವೂ ಕೇಳಿದ್ದೀಯ. ಅಲ್ಲಿಯ ಸರ್ಕಾರಿ ಸ್ಕಾಲರ್‌ಷಿಪ್ ಬ್ರೈಟ್ ಫ್ಯೂಚರ್ಸ್‌ಗೆ ಬೇರೆ ನಿಯಮ. ಎಸ್‌ಎಟಿ ಅಂಕದ ಗೆರೆಯನ್ನು ದೇಶದ ಪರ್ಸೆಂಟೈಲಿಗೆ ಕಟ್ಟಿದ್ದಾರೆ. ಹಾಗಾಗಿಯೇ ಮೇಲಿನ ದರ್ಜೆಗೆ 1290 ಇದ್ದದ್ದು 2021ರ ಬ್ಯಾಚಿಗೆ 1330 ಆಯಿತು, ಕೆಳಗಿನದು 1170ರಿಂದ 1210. ಅವಳ ಅಣ್ಣ ಎಷ್ಟಕ್ಕೆ ಪಾಸಾದ ಅನ್ನೋದು ಅವಳಿಗೆ ಉಪಯೋಗವಿಲ್ಲ. ಎಸ್‌ಎಟಿ ಬದಲು ಅಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿ ಬರೆಯುವುದಾದರೆ ಇದೂ ತಿಳಿದಿರಲಿ: 2025ರಿಂದ ಹೊಸ ಮಾದರಿಯಲ್ಲಿ ವಿಜ್ಞಾನ ಕಡ್ಡಾಯವಲ್ಲ, ಒಟ್ಟು ಅಂಕ ಇಂಗ್ಲಿಷ್, ಗಣಿತ, ಓದು ಈ ಮೂರರ ಸರಾಸರಿ. ವಿಜ್ಞಾನದಿಂದ ಸರಾಸರಿ ಎತ್ತಿಕೊಳ್ಳುತ್ತಿದ್ದ ಮಕ್ಕಳಿಗೆ ಆ ಆಸರೆ ಹೋಯಿತು.

ಇನ್ನು ದುಡ್ಡಿನ ಮಾತು. ಇಷ್ಟು ಒದ್ದಾಡಿ ಗೆದ್ದರೆ ನ್ಯಾಷನಲ್ ಮೆರಿಟ್‌ನವರು ಕೊಡುವುದು 2,500 ಡಾಲರ್, ಅದೂ ಒಂದೇ ಸಲ. ಫೈನಲಿಸ್ಟ್ ಆದವರೆಲ್ಲರಿಗೂ ಸಿಗೋದಿಲ್ಲ. ದೊಡ್ಡ ಮೊತ್ತ ಬರೋದು ಕಾಲೇಜುಗಳಿಂದ. ಅಲಬಾಮಾ ವಿಶ್ವವಿದ್ಯಾಲಯ, ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಂಥ ಕಡೆ ಫೈನಲಿಸ್ಟ್‌ಗಳಿಗೆ ಫೀಸೇ ಮಾಫಿ ಮಾಡುವಷ್ಟು ಕೊಟ್ಟಿದ್ದಾರೆ. ನೀನು ಕನಸು ಕಾಣುವ ಹಾರ್ವರ್ಡ್, ಪ್ರಿನ್ಸ್‌ಟನ್‌ಗಳಲ್ಲಿ ಅಂಕ ನೋಡಿ ಕೊಡುವ ಸ್ಕಾಲರ್‌ಷಿಪ್ಪೇ ಇಲ್ಲ, ಮನೆಯ ಆದಾಯ ನೋಡಿ ಮಾತ್ರ. ಪುಟ್ಟ ಹೋಗಲು ಮನಸ್ಸು ಮಾಡದ ಕಾಲೇಜಿನ ಹಣಕ್ಕಾಗಿ ನೀನು ನಿದ್ದೆ ಕೆಡಿಸಿಕೊಂಡಿದ್ದೀಯೋ ಏನೋ, ಒಮ್ಮೆ ಅವನನ್ನೇ ಕೇಳು.

ಶಾಲೆಯ ಕೌನ್ಸಿಲರ್ ಹತ್ತಿರ ಎರಡು ವಿಷಯ ವಿಚಾರಿಸು. ಅಕ್ಟೋಬರಿನ ಪರೀಕ್ಷೆಗೆ ಅವನ ಹೆಸರು ಸೇರಿದೆಯಾ? ಅವನ ಕ್ಲಾಸಿನಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಗೆಳೆಯ ಇದ್ದಾನಲ್ಲ, ಅವನಿಗೆ ನ್ಯಾಷನಲ್ ಮೆರಿಟ್‌ಗೆ ಅರ್ಹತೆ ಇದೆಯಾ? ಆ ಮನೆಯವರು ಕೇಳಲು ಸಂಕೋಚ ಪಡುತ್ತಾರೆ, ನೀನೇ ಕೇಳಿ ಹೇಳು.

ಪುಟ್ಟನ ರಿಪೋರ್ಟಿನ ಫೋಟೋ ಕಳಿಸು. ಒಟ್ಟು ಅಂಕದ್ದಲ್ಲ, ಎರಡು ಭಾಗದ ಅಂಕ ಬೇರೆ ಬೇರೆ ಇರುವ ಪುಟ. ಭಾನುವಾರ ಕೂತು ನೋಡುತ್ತೇನೆ.

ಇಂತಿ,
ನಿನ್ನ ಅಕ್ಕ