ಥೈರಾಯ್ಡ್ ಟೆಸ್ಟಿಗೆ ಮೊದಲು ಕೂದಲಿನ ಮಾತ್ರೆ ಬಗ್ಗೆಯೂ ಕೇಳಿ

ಸಂಪಾದಕರೇ,

ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ಥೈರಾಯ್ಡ್ ರಿಪೋರ್ಟ್ ಮೊಬೈಲಿಗೆ ಬರುವ ಕಾಲ ಇದು. ಒಳ್ಳೆಯದೇ. 1970ರ ದಶಕದಲ್ಲಿ ವಿಕಿರಣ ಬಳಸಿ ಮಾಡುತ್ತಿದ್ದ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ, ಥೈರಾಯ್ಡ್ ಜಾಸ್ತಿಯಾದಾಗ ಇಳಿಯುವ ಹಾರ್ಮೋನು) ಟೆಸ್ಟಿಗೆ 1ಕ್ಕಿಂತ ಕೆಳಗಿನ ಅಂಕಿ ಸರಿಯಾಗಿ ಸಿಗುತ್ತಿರಲಿಲ್ಲ, ಹಾಗಾಗಿ ಥೈರಾಯ್ಡ್ ಜಾಸ್ತಿ ಇರುವವರು ಯಾರು, ಸರಿಯಾಗಿರುವವರು ಯಾರು ಅಂತ ಅದರಿಂದ ಹೇಳುವುದು ಕಷ್ಟವಿತ್ತು. ಈಗಿನ ಕೆಮಿಲ್ಯೂಮಿನಿಸೆನ್ಸ್ (ರಾಸಾಯನಿಕ ಕ್ರಿಯೆಯ ಬೆಳಕನ್ನು ಅಳೆಯುವ) ಯಂತ್ರಗಳು 0.01ರವರೆಗೂ ಅಳೆಯುತ್ತವೆ.

ಆದರೆ ಇಷ್ಟು ಚುರುಕಾದ ಯಂತ್ರವನ್ನೂ ಒಂದು ವಿಟಮಿನ್ ದಾರಿ ತಪ್ಪಿಸುತ್ತದೆ. ಕೂದಲು, ಉಗುರಿಗೆ ಅಂತ ಮಾರುವ ಬಯೋಟಿನ್. ನಮಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಅಂಗಡಿಯ ಮಾತ್ರೆಯಲ್ಲಿ ಎಷ್ಟೋ ಸಲ 10 ಮಿಲಿಗ್ರಾಂ ಇರುತ್ತದೆ, ಅಂದರೆ ಮುನ್ನೂರು ಪಟ್ಟಿಗೂ ಹೆಚ್ಚು! ಹಲವು ಕಿಟ್‌ಗಳಲ್ಲಿ ಹಾರ್ಮೋನನ್ನು ಹಿಡಿದ ಪ್ರತಿಕಾಯವು ತನಗೆ ಅಂಟಿಸಿರುವ ಬಯೋಟಿನ್ ಮೂಲಕ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿಗೆ ಕೂರಬೇಕು. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಅದು ಮೊದಲೇ ಜಾಗ ಹಿಡಿದುಬಿಡುತ್ತದೆ. ಆಗ ಟಿಎಸ್‌ಎಚ್ ಸುಳ್ಳೇ ಕಡಿಮೆ; ಥೈರಾಯ್ಡ್ ಹಾರ್ಮೋನಾದ ಟಿ4ರ ಟೆಸ್ಟಿನಲ್ಲಿ ಲೆಕ್ಕ ಉಲ್ಟಾ, ಹಾಗಾಗಿ ಅದು ಸುಳ್ಳೇ ಜಾಸ್ತಿ. ವೈದ್ಯರಿಗೆ ಕಾಣುವುದು, ಥೈರಾಯ್ಡ್ ಜಾಸ್ತಿಯಾಗುವ ಗ್ರೇವ್ಸ್ ಕಾಯಿಲೆಯಂಥ ಚಿತ್ರ. ಇಲ್ಲದ ರೋಗಕ್ಕೆ ಮಾತ್ರೆ ಶುರುವಾಗಬಹುದು, ಅಥವಾ ಥೈರಾಕ್ಸಿನ್ (ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವ ಮಾತ್ರೆ) ನಿಜವಾಗಿ ಬೇಕಾದವರಿಗೆ ಡೋಸ್ ಇಳಿಯಬಹುದು.

ಇದರಲ್ಲಿ ಇನ್ನೊಂದು ಪೇಚಾಟವಿದೆ. ಥೈರಾಯ್ಡ್ ಕಡಿಮೆಯಾದರೆ ಕೂದಲು ಉದುರುತ್ತದೆ, ಕೂದಲು ಉದುರಿದವರೇ ಈ ಮಾತ್ರೆ ನುಂಗುವುದು, ಅವರೇ ಥೈರಾಯ್ಡ್ ಟೆಸ್ಟಿಗೂ ಬರುವುದು.

ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ, ಕೆಲವು ಕಂಪನಿಗಳು ಕಿಟ್ ಬದಲಿಸಿವೆ. ಆದರೆ ತನ್ನ ರಕ್ತ ಯಾವ ಯಂತ್ರಕ್ಕೆ ಹೋಗುತ್ತದೆ ಅಂತ ರೋಗಿಗೆ ಹೇಗೆ ಗೊತ್ತಾಗಬೇಕು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಹೃದಯಾಘಾತ ಗುರುತಿಸುವ ಟ್ರೊಪೋನಿನ್ ಟೆಸ್ಟ್ ಇದೇ ಕಾರಣಕ್ಕೆ ತಪ್ಪಾಗಿ ಕಡಿಮೆ ತೋರಿಸಿ, ರೋಗಿಯೊಬ್ಬರು ತೀರಿಕೊಂಡ ವರದಿ ಅದಕ್ಕೆ ಬಂದಿತ್ತು.

ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಕೇಳುವುದು 'ತಿಂಡಿ ಆಯ್ತಾ?' ಅಂತ ಮಾತ್ರ. 'ಕೂದಲಿಗೆ, ಚರ್ಮಕ್ಕೆ ಏನಾದರೂ ಮಾತ್ರೆ ತಗೋತಿದ್ದೀರಾ?' ಅಂತಲೂ ಕೇಳಲಿ. ತಗೋತಿದ್ದರೆ ಕನಿಷ್ಠ ಎರಡು ದಿನ ಬಿಟ್ಟು ಬರಲು ಹೇಳಲಿ. ವೈದ್ಯರೇ ಹೆಚ್ಚಿನ ಡೋಸ್ ಬರೆದಿದ್ದರೆ ಅವರನ್ನು ಕೇಳದೆ ಬಿಡಿಸಬಾರದು. ರಿಪೋರ್ಟಿನ ಕೆಳಗೆ ಒಂದು ಸಾಲು ಕನ್ನಡದಲ್ಲೇ ಅಚ್ಚಾಗಲಿ, ಜಾಹೀರಾತಿಗೆ ಹೇಗೂ ಅಲ್ಲಿ ಅರ್ಧ ಪುಟ ಬಿಟ್ಟಿರುತ್ತಾರಲ್ವಾ.

– ಒಬ್ಬ ಓದುಗ