ಸ್ವಿಚ್ ಇದೆ, ಸಂಪರ್ಕ ಇಲ್ಲ: ಕಾರಿನ ಓಬಿಡಿ ಕೇಬಲ್ ಕುರಿತು ದೂರು

ಅರಸೀಕೆರೆ
14 ಜುಲೈ 2025

ಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಪುಟದಲ್ಲಿ ಹೇಳಿದ ಸೌಲಭ್ಯವೇ ಇಲ್ಲದ ಯುಎಸ್‌ಬಿ ಓಬಿಡಿ ಕೇಬಲ್ ಕಳಿಸಿ, ವಾಪಸ್ ಪಡೆಯಲು ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

ನಿಮ್ಮ ತಾಣದಲ್ಲಿ 1,849 ರೂಪಾಯಿ ಕೊಟ್ಟು ತರಿಸಿದ ಓಬಿಡಿ ಕೇಬಲ್, ಅಂದರೆ ಕಾರಿನ ತಪಾಸಣೆ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸುವ ಕೇಬಲ್, ಜೂನ್ 20ರಂದು ಕೈಸೇರಿತು. ಈ ವಿಚಾರಕ್ಕೆ ಇದು ನನ್ನ ಮೂರನೇ ದೂರು. ಮೊದಲ ಎರಡನ್ನು ನಿಮ್ಮವರು ಓದದೆಯೇ ಮುಚ್ಚಿದ್ದಾರೆ ಎಂಬುದು ಉತ್ತರ ನೋಡಿದರೇ ಗೊತ್ತಾಗುತ್ತದೆ. ಆದ್ದರಿಂದ ಈ ಸಲ ಮೊದಲಿನಿಂದ, ಬಿಡಿಸಿ ಬರೆಯುತ್ತಿದ್ದೇನೆ.

ನನ್ನದು 2018ರ ಫೋರ್ಡ್ ಇಕೋಸ್ಪೋರ್ಟ್. ಫೋರ್ಡ್‌ನವರು ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆಂದು 2021ರ ಸೆಪ್ಟೆಂಬರಿನಲ್ಲಿ ಹೇಳಿದ ಮೇಲೆ ನನ್ನಂಥವರು ಸಣ್ಣಪುಟ್ಟ ತಪಾಸಣೆ ಮನೆಯಲ್ಲೇ ಕಲಿತುಕೊಂಡಿದ್ದೇವೆ. ವರ್ಕ್‌ಶಾಪಿಗೆ ಹೋಗಿ ಬರುವುದೆಂದರೆ ನನಗೆ ಒಂದು ದಿನದ ರಜೆ. ಈ ಮಳೆಗಾಲದ ಶುರುವಿನಲ್ಲಿ ಇಲಿಯೊಂದು ಡ್ಯಾಶ್‌ಬೋರ್ಡ್ ಕೆಳಗೆ ಸೇರಿಕೊಂಡು ನಾಲ್ಕು ವೈರ್ ಕಡಿದು ಹಾಕಿತು. ಬಸ್‌ಸ್ಟ್ಯಾಂಡ್ ರಸ್ತೆಯ ಎಲೆಕ್ಟ್ರಿಷಿಯನ್ ಜೋಡಿಸಿಕೊಟ್ಟರು. ಆದರೆ ಅವತ್ತಿನಿಂದ ಏಸಿ ಒಮ್ಮೊಮ್ಮೆ ತಾನಾಗಿಯೇ ನಿಲ್ಲುತ್ತದೆ, ಮ್ಯೂಸಿಕ್ ಸಿಸ್ಟಮ್ ಗಡಿಯಾರ ಮರೆತುಬಿಡುತ್ತದೆ. ಇವನ್ನು ನಡೆಸುವ ಸಣ್ಣ ಕಂಪ್ಯೂಟರುಗಳಲ್ಲಿ, ಅಂದರೆ ಮಾಡ್ಯೂಲುಗಳಲ್ಲಿ, ಏನು ದೋಷದ ಕೋಡ್ ಕೂತಿದೆ ಎಂದು ನೋಡುವುದಕ್ಕೇ ಈ ಕೇಬಲ್ ಬೇಕಾಗಿತ್ತು.

'ಅಗ್ಗದ್ದು ತಗೊಂಡು ಈಗ ಗೋಳಾಡ್ತೀರಿ' ಎಂಬ ಅರ್ಥದ ಮಾತನ್ನು ನಿಮ್ಮ ಚಾಟ್ ಪ್ರತಿನಿಧಿ ನಯವಾಗಿ ಆಡಿದ್ದರಿಂದ ಇದನ್ನೂ ಹೇಳಬೇಕು: ನಾನು ಕಣ್ಣುಮುಚ್ಚಿ ಕೊಂಡವನಲ್ಲ. ಈ ವ್ಯವಹಾರದಲ್ಲಿ ಮೊದಲು ಸಾಫ್ಟ್‌ವೇರ್ ಆರಿಸಬೇಕು, ಅದು ಕೇಳುವ ಕೇಬಲ್ ಆಮೇಲೆ. ನನ್ನ ಷಡ್ಡಕನ ಬಳಿ ಫೋಕ್ಸ್‌ವ್ಯಾಗನ್ ಪೋಲೋ ಇದೆ. ಅದಕ್ಕೆ ಅವರು ರಾಸ್‌-ಟೆಕ್ ಕಂಪನಿಯ ವಿಸಿಡಿಎಸ್ ಬಳಸುತ್ತಾರೆ, ಅದಕ್ಕೆ ಅದೇ ಕಂಪನಿಯ ಕೇಬಲ್ಲೇ ಆಗಬೇಕು. ಫೋರ್ಡ್‌ಗೆ ಫೋರ್‌ಸ್ಕ್ಯಾನ್ ಇದೆ. ಅದು ಬೇರೆ ಬೇರೆ ಕಂಪನಿಯ ಅಡಾಪ್ಟರುಗಳ ಜೊತೆ ಕೆಲಸ ಮಾಡುತ್ತದೆ, ಆದರೆ ಮಾಡ್ಯೂಲುಗಳು ಪರಸ್ಪರ ಮಾತಾಡುವ ಎರಡು ಜಾಲಗಳಾದ ಎಚ್‌ಎಸ್-ಕ್ಯಾನ್ (ಹೆಚ್ಚು ವೇಗದ್ದು), ಎಂಎಸ್-ಕ್ಯಾನ್ (ಮಧ್ಯಮ ವೇಗದ್ದು) ಎರಡಕ್ಕೂ ದಾರಿ ಇರಬೇಕು. ಎಂಜಿನ್, ಎಬಿಎಸ್‌ನಂಥವು ಸೆಕೆಂಡಿಗೆ 500 ಕಿಲೋಬಿಟ್ ವೇಗದ ಎಚ್‌ಎಸ್ ಜಾಲದಲ್ಲಿ, ಅಂದರೆ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನಲ್ಲಿ ಸಿಗುತ್ತವೆ. ಏಸಿ, ಮ್ಯೂಸಿಕ್ ಇರುವುದು 125 ಕಿಲೋಬಿಟ್ ವೇಗದ ಎಂಎಸ್ ಜಾಲದಲ್ಲಿ. ಅದಕ್ಕೆ 3 ಮತ್ತು 11ನೇ ಪಿನ್. ಮಾಮೂಲಿ ಬ್ಲೂಟೂತ್ ಡಬ್ಬಿಗಳು ನಾಲ್ಕೈದು ನೂರಕ್ಕೆ ಸಿಗುತ್ತವೆ. ಅವಕ್ಕೆ ಈ ಎರಡನೇ ದಾರಿ ಇರುವುದಿಲ್ಲ ಎಂದು ಗೊತ್ತಿದ್ದೇ ಅವನ್ನು ಬಿಟ್ಟೆ.

ನಿಮ್ಮ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು: 'ಎಚ್‌ಎಸ್/ಎಂಎಸ್ ಕ್ಯಾನ್ ಸ್ವಿಚ್ ಸಹಿತ, ಅಸಲಿ ಎಫ್‌ಟಿಡಿಐ ಚಿಪ್, ಫೋರ್‌ಸ್ಕ್ಯಾನ್ ಲೈಫ್‌ಟೈಮ್ ಲೈಸೆನ್ಸ್ ಉಚಿತ, ಎಲ್ಲಾ ಕಾರಿಗೂ ಕೋಡಿಂಗ್.' ಎಲ್ಲಾ ಕಾರಿಗೂ ಎಂದಿದ್ದನ್ನು ಓದಿ ಆಗಲೇ ನಕ್ಕಿದ್ದೆ. ನನಗೆ ಬೇಕಿದ್ದದ್ದು ಆ ಸ್ವಿಚ್ ಒಂದೇ.

ಜೂನ್ 22, ಭಾನುವಾರ. ಸ್ಟೀರಿಂಗ್ ಕೆಳಗೆ ಕೇಬಲ್ ಚುಚ್ಚಿ, ಲ್ಯಾಪ್‌ಟಾಪ್ ಪಕ್ಕದ ಸೀಟಿನಲ್ಲಿಟ್ಟು ಕೂತೆ. ಎಂಜಿನ್ ಬಂತು, ಎಬಿಎಸ್ ಬಂತು. ಸ್ವಿಚ್ಚನ್ನು ಎಂಎಸ್ ಕಡೆ ತಿರುಗಿಸಿ ಎಂದು ಫೋರ್‌ಸ್ಕ್ಯಾನ್ ಕೇಳಿತು, ತಿರುಗಿಸಿದೆ. ಟಿಕ್ ಎಂದು ಚೆನ್ನಾಗಿಯೇ ಸದ್ದು ಮಾಡಿತು. ಎಂಎಸ್-ಕ್ಯಾನ್ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಮತ್ತೆ ಮಾಡಿದೆ, ಮತ್ತೆ ಅದೇ. ಇಲಿ ಕಡಿದ ಗಾಡಿ ನೋಡಿ, ವೈರೇ ಹೋಗಿರಬೇಕೆಂದು ನಾನೇ ನಂಬಿಬಿಟ್ಟೆ. ಫ್ಯೂಸ್ ಒಂದೊಂದೇ ಕಿತ್ತು ನೋಡುವಷ್ಟರಲ್ಲಿ ಸಂಜೆಯಾಯಿತು.

ಮಾರನೇ ದಿನ ಅದೇ ಎಲೆಕ್ಟ್ರಿಷಿಯನ್‌ ಹತ್ತಿರ ಹೋದೆ. ಅವರು ಬ್ಯಾಟರಿಯ ಟರ್ಮಿನಲ್ ಕಳಚಿ, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಕಾರಿನ ಸಾಕೆಟ್ಟಿನ 3 ಮತ್ತು 11ಕ್ಕೆ ತಾಗಿಸಿದರು. 61 ಓಮ್. ಕ್ಯಾನ್ ಜಾಲದ ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರುತ್ತದೆ, ಎರಡೂ ಸಮಾನಾಂತರವಾಗಿ ಸೇರುವುದರಿಂದ ತಂತಿ ತುಂಡಾಗದೆ ನೆಟ್ಟಗಿದ್ದರೆ ಮೀಟರಿನಲ್ಲಿ 60ರ ಆಸುಪಾಸು ಬರಬೇಕು. "ಸಾರ್, ಗಾಡಿ ಸರಿ ಇದೆ. ಈ ಡಬ್ಬೀನೇ ಸರಿ ಇಲ್ಲ" ಅಂದರು. ಅದಕ್ಕೆ 300 ರೂಪಾಯಿ ತೆತ್ತೆ, ಅದರ ಚೀಟಿ ಲಗತ್ತಿಸಿದ್ದೇನೆ.

24ರಂದು ವಾಪಸಾತಿಗೆ ಕೇಳಿಕೊಂಡೆ. ಏಳು ದಿನದ ಗಡುವಿನೊಳಗೇ. 27ಕ್ಕೆ ನಿಮ್ಮ ಪಿಕಪ್ ಹುಡುಗ ಬಂದ. ಕೇಬಲ್ಲನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚು ಅಂದ, ಚುಚ್ಚಿದೆ. ಕೆಂಪು ದೀಪ ಹತ್ತಿತು. "ವರ್ಕಿಂಗ್ ಇದೆ ಅಂಕಲ್" ಎಂದು ಮೊಬೈಲಿನಲ್ಲಿ ಒತ್ತಿ ಬೈಕ್ ಹತ್ತಿದ. ಆ ಹುಡುಗನ ಮೇಲೆ ನನಗೇನೂ ಕೋಪವಿಲ್ಲ, ನೀವು ಹೇಳಿಕೊಟ್ಟಷ್ಟು ಅವನು ಮಾಡಿದ. ಆದರೆ ದೀಪ ಹತ್ತಿದ್ದನ್ನೇ ಪರೀಕ್ಷೆ ಎಂದುಕೊಂಡು 28ರಂದು 'ಉತ್ಪನ್ನದಲ್ಲಿ ದೋಷವಿಲ್ಲ, ಇದು ಹೊಂದಾಣಿಕೆಯ ಸಮಸ್ಯೆ, ನಿಮ್ಮ ಮೆಕ್ಯಾನಿಕ್ಕನ್ನು ಸಂಪರ್ಕಿಸಿ' ಎಂದು ಬರೆದವರು ಯಾರು? ಮೆಕ್ಯಾನಿಕ್ಕನ್ನು ಸಂಪರ್ಕಿಸಿದ ಚೀಟಿಯನ್ನೇ ಅಲ್ಲವೇ ನಾನು ಕಳಿಸಿದ್ದು? ಜುಲೈ 3ರಂದು ಎರಡನೇ ದೂರಿಗೂ ಅಕ್ಷರ ಬದಲಾಗದ ಅದೇ ಉತ್ತರ.

ವಾಪಸಾತಿ ಇಲ್ಲವೆಂದಾದ ಮೇಲೆ, ಜುಲೈ 6ರಂದು ಡಬ್ಬಿಯ ಎರಡು ಸ್ಕ್ರೂ ಬಿಚ್ಚಿದೆ. ಮೊದಲೇ ಬಿಚ್ಚಿರಲಿಲ್ಲ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ. 3 ಮತ್ತು 11ನೇ ಪಿನ್ನುಗಳು ಹೊರಗಿನಿಂದ ನೋಡಲು ಹಿತ್ತಾಳೆ ಬಣ್ಣದಲ್ಲಿ ಹೊಳೆಯುತ್ತಿವೆ. ಒಳಗಡೆ ಅವುಗಳ ಬುಡಕ್ಕೆ ಬೆಸುಗೆಯೂ ಇಲ್ಲ, ತಂತಿಯೂ ಇಲ್ಲ. ಸ್ವಿಚ್ಚಿನ ಆರು ಕಾಲುಗಳನ್ನು ಬೋರ್ಡಿಗೆ ಬೆಸೆದಿದ್ದಾರೆ, ಅಲ್ಲಿಂದ ಯಾವ ಗೆರೆಯೂ ಎಲ್ಲಿಗೂ ಹೋಗುವುದಿಲ್ಲ. ಇದನ್ನು ತಯಾರಿಕೆಯಲ್ಲಿ ಆದ ಎಡವಟ್ಟು ಎನ್ನಲಾಗದು. ಸ್ವಿಚ್ಚಿಗೆ ದುಡ್ಡು ಹಾಕಿ, ತಂತಿಗೆ ಹಾಕದೆ, ಗೊತ್ತಿದ್ದೇ ಮಾಡಿದ್ದು. ಫೋಟೋ ಕಳಿಸಿದ್ದೇನೆ, ದೊಡ್ಡದು ಮಾಡಿ ನೋಡಿ.

ಅಸಲಿ ಎಫ್‌ಟಿಡಿಐ ಎಂದಿರಲ್ಲ, ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರಿನಲ್ಲಿ ಕಾಣುತ್ತಿರುವುದು ಸಿಎಚ್340 ಎಂಬ ಬೇರೆಯದೇ ಯುಎಸ್‌ಬಿ ಚಿಪ್. ಅದೇನೂ ಕೆಟ್ಟ ಚಿಪ್ಪಲ್ಲ. ಆದರೆ ಹೇಳಿದ್ದೊಂದು, ಕೊಟ್ಟಿದ್ದೊಂದು. ಡಬ್ಬಿಯ ಮೇಲೆ 'ಇಎಲ್‌ಎಂ327 ವಿ1.5' ಎಂದು ಚೀಟಿ ಅಂಟಿಸಿದ್ದಾರೆ. ಇಎಲ್‌ಎಂ327 ಎಂಬುದು ಕಾರಿನ ಜಾಲದ ಜೊತೆ ಮಾತಾಡುವ ಚಿಪ್. ಅದನ್ನು ರೂಪಿಸಿದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 1.5 ಎಂಬ ಆವೃತ್ತಿಯನ್ನು ಯಾವತ್ತೂ ಹೊರತಂದಿಲ್ಲ. ಆ ಸಂಖ್ಯೆ ನಕಲಿಗಳ ಮೇಲೆ ಮಾತ್ರ ಇರುತ್ತದೆ. ಲೈಫ್‌ಟೈಮ್ ಲೈಸೆನ್ಸ್ ಎಂದು ಕೊಟ್ಟದ್ದು ಅಂಗೈಯಗಲದ ಒಂದು ಸಿಡಿ. ನನ್ನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವೇ ಇಲ್ಲ, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿದರೆ ಅವರ ಆಂಟಿವೈರಸ್ ಬೊಬ್ಬೆ ಹೊಡೆಯಿತು. ಫೋರ್‌ಸ್ಕ್ಯಾನಿನ ಎಕ್ಸ್‌ಟೆಂಡೆಡ್ ಲೈಸೆನ್ಸನ್ನು ಅವರ ತಾಣದಲ್ಲೇ, ಆಯಾ ಕಂಪ್ಯೂಟರಿನ ಗುರುತಿನ ಸಂಖ್ಯೆಗೆ ಮಾಡಿಕೊಡುತ್ತಾರೆ. ಹಾಗಿರುವಾಗ ಎಲ್ಲರಿಗೂ ಒಂದೇ ಲೈಸೆನ್ಸನ್ನು ಸಿಡಿಯಲ್ಲಿ ತುಂಬಿ ಮಾರುವುದು ಹೇಗೆ ಸಾಧ್ಯ?

ನಾನು ಕೋಡ್ ಓದಲು ಮಾತ್ರ ಹೊರಟಿದ್ದೆ. ನಿಮ್ಮ ಪುಟ ನಂಬಿ ಇದೇ ಕೇಬಲ್ಲಿನಲ್ಲಿ ಕೋಡಿಂಗ್ ಮಾಡಲು, ಅಂದರೆ ಮಾಡ್ಯೂಲಿನ ಸೆಟ್ಟಿಂಗ್ ಬದಲಿಸಲು, ಹೊರಟವರ ಗತಿ ಬೇರೆ. ಮಾಡ್ಯೂಲಿಗೆ ಬರೆಯುತ್ತಿರುವಾಗ ಅರ್ಧದಲ್ಲಿ ಸಂಪರ್ಕ ಕಡಿದರೆ ಆ ಮಾಡ್ಯೂಲ್ ಮತ್ತೆ ಮಾತಾಡದೇ ಹೋಗಬಹುದು. ನಿಮ್ಮ ಪುಟದಲ್ಲಿ ಬ್ಯಾಕಪ್ ತೆಗೆದುಕೊಳ್ಳಿ, ಬ್ಯಾಟರಿಗೆ ಚಾರ್ಜರ್ ಹಾಕಿಕೊಂಡು ಮಾಡಿ ಎಂಬ ಒಂದು ಸಾಲೂ ಇಲ್ಲ.

ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಎಂಆರ್‌ಪಿ ಯಾವುದೂ ಇಲ್ಲ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಇವೆಲ್ಲ ಇರಲೇಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಯೊಳಗೆ ನೀವು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನನ್ನ ಮೊದಲ ದೂರಿಗೆ ಜುಲೈ 24ಕ್ಕೆ ತಿಂಗಳಾಗುತ್ತದೆ.

ನಾನು ಕೇಳುವುದು ಇಷ್ಟು. 1,849 ರೂಪಾಯಿಯನ್ನು ನಿಮ್ಮ ವಾಲೆಟ್ ಪಾಯಿಂಟ್ ಆಗಿ ಕೊಡದೆ, ಹಣ ಹೋದ ಖಾತೆಗೇ ಹಿಂದಿರುಗಿಸಿ. ಎಲೆಕ್ಟ್ರಿಷಿಯನ್‌ಗೆ ಕೊಟ್ಟ 300 ರೂಪಾಯಿ ಸೇರಿಸಿ. ಆ ಪುಟದಿಂದ ಎಂಎಸ್-ಕ್ಯಾನ್, ಎಫ್‌ಟಿಡಿಐ, ಲೈಸೆನ್ಸ್ ಎಂಬ ಮೂರೂ ಮಾತು ತೆಗೆಸಿ, ಇಲ್ಲವೇ ಪುಟವನ್ನೇ ತೆಗೆಯಿರಿ. ನಿನ್ನೆ ರಾತ್ರಿ ನೋಡಿದಾಗಲೂ 'ಕೆಲವೇ ಉಳಿದಿವೆ' ಎಂದು ತೋರಿಸುತ್ತಿತ್ತು. ಹಣ ಬರುವುದು ತಡವಾದರೂ ಪುಟದ ಕೆಲಸ ಮೊದಲು ಆಗಲಿ.

24ರೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನಂತರ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಬಿಲ್, ನಿಮ್ಮ ಪುಟದ ಚಿತ್ರ, ಬಿಚ್ಚಿದ ಬೋರ್ಡಿನ ಆರು ಫೋಟೋ, ಎಲೆಕ್ಟ್ರಿಷಿಯನ್ ಚೀಟಿ ಲಗತ್ತಿಸಿದ್ದೇನೆ. ನನ್ನ ಹೆಸರು, ಆರ್ಡರ್ ಸಂಖ್ಯೆ ಬಿಲ್ಲಿನಲ್ಲಿವೆ. ಕೇಬಲ್, ಸಿಡಿ, ಪೊಟ್ಟಣ ಮೂರನ್ನೂ ಹಾಗೇ ಇಟ್ಟಿದ್ದೇನೆ. ಒಯ್ಯಲು ಬರುವವರ ಕೈಗೆ ಒಂದು ಮಲ್ಟಿಮೀಟರ್ ಕೊಟ್ಟು ಕಳಿಸಿ.

ಇತಿ,
ನಿಮ್ಮ ಗ್ರಾಹಕ